ಲಾಂಚಿನ ಮಾಸ್ತಪ್ಪನವರ ಹೆದರಿಕೆ

ಬಸ್ಸು ಹತ್ತಿದವರು ಸಾಮಾನ್ಯವಾಗಿ ಸೀಟು ಹುಡುಕುತ್ತಾರೆ. ಮಾಸ್ತಪ್ಪನವರು ತಲೆ ಎಣಿಸುತ್ತಿದ್ದರು. ಬಾಗಿಲ ಪಕ್ಕದ ಕಂಬಿಗೆ ಬೆನ್ನು ಕೊಟ್ಟು, ಗಲ್ಲವನ್ನು ತುಸು ಮೇಲೆತ್ತಿ, ತುಟಿ ಅಲುಗಿಸದೆ, ಮುಂದಿನ ಸಾಲಿನಿಂದ ಹಿಂದಕ್ಕೆ ಒಮ್ಮೆ, ಹಿಂದಿನಿಂದ ಮುಂದಕ್ಕೆ ಮತ್ತೊಮ್ಮೆ ಎಣಿಸಿ, ಎರಡೂ ಲೆಕ್ಕ ತಾಳೆಯಾದ ಮೇಲೆಯೇ ಅವರ ಎದೆಯಲ್ಲಿ ತಡೆದು ನಿಂತ ಉಸಿರು ಹೊರಗೆ ಬರುತ್ತಿತ್ತು. ಮದುವೆಯ ಊಟದ ಪಂಕ್ತಿಯಲ್ಲಿ, ಆಸ್ಪತ್ರೆಯ ಬೆಂಚಿನೆದುರು, ಸೊಸೈಟಿಯ ಸರತಿಯಲ್ಲಿ, ಕೊನೆಗೆ ಸಾವಿನ ಮನೆಯ ಅಂಗಳದಲ್ಲಿ ಕೂಡ ಅವರ ಕಣ್ಣು ಒಂದು ತಲೆಯಿಂದ ಇನ್ನೊಂದು ತಲೆಗೆ ದಾಟುತ್ತಲೇ ಇರುತ್ತಿತ್ತು. ಯಾವುದೋ ಸಭೆಗೆ ಎಷ್ಟು ಜನ ಬಂದಿದ್ದರು ಎಂದು ಯಾರಾದರೂ ಕೇಳಿದರೆ ಉಳಿದವರು "ಒಂದು ನೂರು ಇರಬಹುದು" ಎನ್ನುವಾಗ, ಮಾಸ್ತಪ್ಪನವರು ಮೆಲ್ಲಗೆ, "ಎಂಬತ್ತೇಳು. ಭಾಷಣ ಸುರುವಾದ ಮೇಲೆ ಎಪ್ಪತ್ತೊಂದು" ಎನ್ನುತ್ತಿದ್ದರು.

ಈ ಅಭ್ಯಾಸ ಲಾಂಚಿನದು. ಶರಾವತಿಯ ಹಿನ್ನೀರಿನ ಮೇಲೆ ತುಮರಿಯ ಕಡೆಗೆ ಜನರನ್ನೂ ಜೀಪುಗಳನ್ನೂ ಹೊತ್ತು ಓಡಾಡುತ್ತಿದ್ದ ಲಾಂಚಿನಲ್ಲಿ ಇಪ್ಪತ್ತೊಂಬತ್ತು ವರ್ಷ ಹಗ್ಗ ಹಿಡಿದ ಮನುಷ್ಯ ಅವರು. ದಡ ಹತ್ತಿರವಾದಾಗ ಹಗ್ಗ ಎಸೆಯುವುದು, ಬಿಗಿಯುವುದು, ಹೊರಡುವಾಗ ಬಿಚ್ಚುವುದು, ಇಷ್ಟೇ ಕೆಲಸ. ಎಣಿಸಬೇಕೆಂದು ಯಾರೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಒಂದು ಸಂಜೆ, ಸುಮ್ಮನೆ ಹೊತ್ತು ಹೋಗಲೆಂದು ಎಣಿಸಿದಾಗ ಹತ್ತಿದವರು ನಲವತ್ತಮೂರು ಜನ. ಆಚೆ ದಡದಲ್ಲಿ ಇಳಿದವರು ನಲವತ್ತೆರಡು. ಜೊತೆಯವರು ನಕ್ಕರು. ಮಾಸ್ತಪ್ಪನವರು ಮಾತ್ರ ಹಲಗೆಯ ಮೇಲೆ ಮಂಡಿಯೂರಿ, ತಾವು ದಾಟಿ ಬಂದ ನೀರನ್ನು ನೋಡುತ್ತ ಕುಳಿತುಬಿಟ್ಟರು. ನೀರು ಎಂದಿನಂತೆ ನುಣ್ಣಗಿತ್ತು. ಒಂದು ಜೀವವನ್ನು ನುಂಗಿದ್ದರೂ ಅದು ಅಷ್ಟೇ ನುಣ್ಣಗಿರುತ್ತಿತ್ತು ಎಂಬ ಯೋಚನೆಯೇ ಅವರನ್ನು ಕಂಗೆಡಿಸಿದ್ದು. ಮರುದಿನ ಮಧ್ಯಾಹ್ನ ಗೊತ್ತಾಯಿತು: ಹೆಂಗಸೊಬ್ಬಳು ಅಂಗಡಿಯಲ್ಲಿ ಮರೆತ ಚೀಲಕ್ಕಾಗಿ, ಲಾಂಚು ಬಿಡುವ ಮುನ್ನವೇ ಇಳಿದು ಹೋಗಿದ್ದಳು. ಯಾರೂ ಸತ್ತಿರಲಿಲ್ಲ. ಆದರೆ ಸಾಯದ ಆ ನಲವತ್ತಮೂರನೆಯವಳು ಮಾಸ್ತಪ್ಪನವರ ಎದೆಯನ್ನು ಹತ್ತಿ ಕುಳಿತವಳು ಮತ್ತೆ ಇಳಿಯಲೇ ಇಲ್ಲ.

ನೋಡುವುದಕ್ಕೆ ಅವರು ಹೆದರುಪುಕ್ಕಲರಂತೆ ಕಾಣುತ್ತಿರಲಿಲ್ಲ. ಎತ್ತರದ ಆಳು, ಹಗ್ಗ ಎಳೆದು ಎಳೆದು ಉಬ್ಬಿದ ಮುಂಗೈ, ಬಿಳಿಯಾಗಿದ್ದರೂ ದಟ್ಟವಾಗಿಯೇ ಉಳಿದ ಹುಬ್ಬು. ಏಪ್ರಿಲ್ ತಿಂಗಳ ಸೆಕೆಯಲ್ಲಿಯೂ ಮೈಮೇಲೆ ಖಾಕಿ ಕೋಟು. ಅದರ ನಾಲ್ಕು ಗುಂಡಿಗಳಲ್ಲಿ ಮೂರು ಹಿತ್ತಾಳೆಯವು, ಒಂದು ವಿಶಾಲಮ್ಮ ತಮ್ಮ ರವಿಕೆಯ ಡಬ್ಬಿಯಿಂದ ಹುಡುಕಿ ಹೊಲಿದ ಹಸಿರು ಪ್ಲಾಸ್ಟಿಕ್ಕಿನದು. ನಡೆಯುವಾಗ ಕಾಲುಗಳನ್ನು ಅಗಲಿಸಿ, ಹೆಜ್ಜೆಯ ಭಾರವನ್ನು ಕೂಡಲೇ ಬಿಡದೆ, ಕೆಳಗಿನ ನೆಲ ತೂಗಬಹುದು ಎಂಬ ಗುಮಾನಿಯಿಂದಲೇ ಪಾದ ಊರುತ್ತಿದ್ದರು. ಸಾಗರದ ಸಿಮೆಂಟು ರಸ್ತೆಯಲ್ಲಿಯೂ ಹಾಗೆಯೇ. ಮಾತಿನ ಕೊನೆಗೆ ಒಂದು ಬಾಲ: "ಒಂದ್ಸಲ ನೋಡ್ಬಿಡು." ಗ್ಯಾಸ್ ಆಫ್ ಮಾಡಿದ್ಯಾ, ಒಂದ್ಸಲ ನೋಡ್ಬಿಡು. ಬಾಗ್ಲು ಹಾಕಿದ್ಯಾ, ಒಂದ್ಸಲ ನೋಡ್ಬಿಡು. ಹೆಂಡತಿ ವಿಶಾಲಮ್ಮ ಮೂವತ್ತೈದು ವರ್ಷ ಇದನ್ನು ಕೇಳಿಸಿಕೊಂಡವರು. ಬಂದವರ ಮುಂದೆಯೇ ಹೇಳುತ್ತಿದ್ದರು: "ಇವ್ರಿಗೆ ಹೆದ್ರಿಕೆ ಇಲ್ದಿದ್ರೆ ಊಟ ಸೇರಲ್ಲ. ಉಪ್ಪಿನಕಾಯಿ ಇದ್ದಂಗೆ, ಎಲೆ ತುದೀಲಿ ಇರ್ಲೇಬೇಕು."

ಹಿನ್ನೀರಿನಲ್ಲಿ ಸೇತುವೆಯ ಕಂಬಗಳು ಒಂದೊಂದಾಗಿ ಮೇಲೇಳುತ್ತಿದ್ದ ಕಾಲಕ್ಕೆ ಅವರ ಸೇವೆ ಮುಗಿಯಿತು. ಮಗಳು ಸುಚಿತ್ರಾ ತೀರ್ಥಹಳ್ಳಿಯಲ್ಲಿ ಶಾಲೆಯೊಂದರ ಡ್ರಾಯಿಂಗ್ ಟೀಚರು. ಅವಳ ಬಾಡಿಗೆ ಮನೆಗೆ ಗಂಡ ಹೆಂಡತಿ ಬಂದರು. ಊರಿನ ಹತ್ತು ಜನ ಸೇರಿ ತುಂಗೆಯ ದಂಡೆಯಲ್ಲಿ ಒಂದು ಪಾರ್ಕು ಮಾಡಿದ್ದರು. ಕಲ್ಲುಬೆಂಚು, ನೇರಳೆ ಮರಗಳು, ನದಿಗೆ ಇಳಿಯುವ ಇಪ್ಪತ್ತೆರಡು ಮೆಟ್ಟಿಲು. ಅದಕ್ಕೊಬ್ಬ ಕಾವಲುಗಾರ ಬೇಕಾಗಿತ್ತು. ಮಾಸ್ತಪ್ಪನವರಿಗಿಂತ ಒಳ್ಳೆಯ ಕಾವಲುಗಾರ ಸಿಗಲಾರ ಎಂದು ಸಮಿತಿಯವರು ತಿಳಿದರು. ಅವರಿಗಿಂತ ಹೆಚ್ಚು ಕಾಟ ಕೊಡುವವನೂ ಸಿಗಲಾರ ಎಂಬುದು ತಿಂಗಳೊಳಗೆ ಗೊತ್ತಾಯಿತು.

ಏಕೆಂದರೆ ಅವರಿಗೆ ತುಂಗೆ ಒಗ್ಗಲಿಲ್ಲ. ಹಿನ್ನೀರು ಮಲಗಿದ ನೀರು; ಅದರ ಕ್ರೌರ್ಯ ಕೂಡ ಮಲಗಿಯೇ ಇರುತ್ತದೆ, ನೀವಾಗಿ ಹೋಗಿ ಬಿದ್ದರೆ ಮಾತ್ರ ಎಚ್ಚರಗೊಳ್ಳುತ್ತದೆ. ತುಂಗೆ ಹಾಗಲ್ಲ. ಬೇಸಿಗೆಯಲ್ಲಿ ಬಂಡೆಗಳ ನಡುವೆ ತಿಳಿಯಾಗಿ, ಮೀನಿನ ಕಣ್ಣು ಕಾಣುವಷ್ಟು ತೆಳುವಾಗಿ ಹರಿಯುವ ಆ ನದಿ, ಮೇಲೆ ಘಟ್ಟದಲ್ಲಿ ಯಾರಿಗೂ ಕಾಣದಂತೆ ಸುರಿದ ಮಳೆಯನ್ನು ಬಿಸಿಲಿನಲ್ಲಿ ನಗುತ್ತ ನಿಂತವರ ಮೇಲೆ ತಂದು ಎಸೆಯಬಲ್ಲದು. ಇದನ್ನು ಯಾರೋ ಹೇಳಿದ ದಿನದಿಂದ ಮಾಸ್ತಪ್ಪನವರಿಗೆ ಬಿಸಿಲೆಂದರೆ ಭಯ. ಕೊನೆಯ ಮೆಟ್ಟಿಲ ಪಕ್ಕದ ಕಲ್ಲಿಗೆ, ನೀರಿನಿಂದ ಒಂದು ಗೇಣು ಮೇಲೆ, ಕೆಂಪು ಬಣ್ಣದಲ್ಲಿ ಗೆರೆ ಎಳೆದರು. ಸಮಿತಿಯನ್ನು ಕೇಳದೆ ತಾವೇ ನಲವತ್ತು ಮಾರು ಹಗ್ಗ ತಂದು ಕಾವಲು ಕೋಣೆಯಲ್ಲಿ ಸುತ್ತಿಟ್ಟರು. ಕೊರಳಿಗೆ ಸೀಟಿ ಕಟ್ಟಿಕೊಂಡರು. ಯಾರು ಹದಿನೆಂಟನೆಯ ಮೆಟ್ಟಿಲು ಇಳಿದರೂ ಸೀಟಿ. ಯಾರಾದರೂ ಬಾಗಿ ಕಾಲು ತೊಳೆದರೂ ಸೀಟಿ. ಎರಡು ತಿಂಗಳಲ್ಲಿ ಆ ಸೀಟಿ ಪಾರ್ಕಿನ ಹಕ್ಕಿಗಳ ದನಿಗಳಲ್ಲಿ ಒಂದಾಗಿಹೋಯಿತು. ಅದಕ್ಕೆ ತಲೆ ಎತ್ತುವವರು ಇಲ್ಲವಾದರು.

ಹಾಗಿರುವಾಗ, ಹೋದ ಮೇ ತಿಂಗಳಲ್ಲಿ, ಸುಚಿತ್ರಾ ಮತ್ತು ಅವಳ ಗೆಳೆಯ ಅಶ್ವಿನ್ ಸೇರಿ ಆ ಪಾರ್ಕಿನಲ್ಲಿ ಒಂದು ನಿಧಿ ಹುಡುಕಾಟ ಹೂಡಿದರು. ಅಶ್ವಿನ್ ಸಾಗರದವನು, ಮರ ಕೆತ್ತುವ ಶಿಲ್ಪಿ. ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ಕುಳಿತ ಬೊಂಬೆಯನ್ನು ಯಾರೂ ಪ್ರೀತಿಸುವುದಿಲ್ಲ, ಹುಡುಕಿ ಪಡೆದದ್ದನ್ನು ಮಾತ್ರ ಪ್ರೀತಿಸುತ್ತಾರೆ ಎಂದು ನಂಬಿದವನು. ಹಲಸಿನ ಮರದಲ್ಲಿ ಅಂಗೈಯಗಲದ ಹನ್ನೆರಡು ಜೀವಗಳನ್ನು ಕೆತ್ತಿದ್ದ. ಏಡಿ, ಮಿಂಚುಳ್ಳಿ, ಆಮೆ, ಹೀಗೆ ಎಲ್ಲವೂ ನದಿಯ ಒಕ್ಕಲೇ. ಅವನ್ನು ದಂಡೆಯ ಉದ್ದಕ್ಕೂ ಅಡಗಿಸಿಡುವುದು, ಸುಚಿತ್ರಾ ಬರೆದ ಒಗಟಿನ ಚೀಟಿ ಹಿಡಿದು ಜನ ಹುಡುಕುವುದು, ಸಿಕ್ಕವರು ಮನೆಗೆ ಒಯ್ಯುವುದು. ಹನ್ನೆರಡರಲ್ಲಿ ಚೆಂದದ್ದು ನೀರುನಾಯಿ. ಅದನ್ನು ಇಡಬೇಕೆಂದು ಅವರು ಆರಿಸಿದ್ದು ಆನೆಬಂಡೆಯನ್ನು: ದಡದಿಂದ ಮೂವತ್ತು ಹೆಜ್ಜೆ ದೂರ, ನದಿಯ ನಡುವೆ ಮಲಗಿದ ಆನೆಯಂತಹ ಕರಿಬಂಡೆ, ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹೋಗಿ ಬರಬಹುದು. ಬಂಡೆಯ ಪಕ್ಕೆಯಲ್ಲಿ ಕಿವಿಯಂತಹ ಒಂದು ಬಿರುಕು. ಚೀಟಿಯಲ್ಲಿ ಸುಚಿತ್ರಾ ಬರೆದಳು: "ನೀರ ನಡುವೆ ಮಲಗಿದವನ ಕಿವಿಯೊಳಗೆ ನಾನು ನಿದ್ದೆ ಹೋಗಿದ್ದೇನೆ."

ಹುಡುಕಾಟದ ಹಿಂದಿನ ದಿನ ಸಮಿತಿಯ ಎದುರು ಮಾಸ್ತಪ್ಪನವರು ಕೈಮುಗಿದು ನಿಂತರು.

"ಅದೊಂದು ಬ್ಯಾಡ. ಉಳಿದ ಹನ್ನೊಂದು ಎಲ್ಲಿ ಬೇಕಾರೂ ಇಡಿ. ಬಂಡೆ ಮೇಲೆ ಬ್ಯಾಡ."

"ಮಾಸ್ತಪ್ಪಣ್ಣ, ಮೊಣಕಾಲುದ್ದ ನೀರಿಲ್ಲ ಅಲ್ಲಿ," ಎಂದ ಅಶ್ವಿನ್.

"ಈಗ ಇಲ್ಲ."

"ಯಾವಾಗ ಬರತ್ತೆ ಹೇಳಿ, ತೆಗೆದುಬಿಡ್ತೀನಿ."

ಎಲ್ಲರೂ ನಕ್ಕರು. ಯಾವಾಗ ಎಂದು ಹೇಳಲು ಅವರಿಗೆ ಬರುತ್ತಿರಲಿಲ್ಲ. ಹೆದರುವವನ ಹತ್ತಿರ ತಾರೀಕು ಇರುವುದಿಲ್ಲ. ಸುಚಿತ್ರಾ ಮಾತ್ರ ನಗಲಿಲ್ಲ. ಆದರೆ ಅವಳ ಮುಖ ಕೆಂಪಾದದ್ದನ್ನು ಅವರು ಕಂಡರು. "ಅಪ್ಪಯ್ಯ, ಇದೊಂದ್ಸಲ ಸುಮ್ನಿರಿ," ಎಂದಳು, ತಗ್ಗಿದ ದನಿಯಲ್ಲಿ. ಮಗಳ ಆ ದನಿ ಅವರಿಗೆ ನೀರಿಗಿಂತ ಹೆಚ್ಚು ಅಂಜಿಕೆ ಹುಟ್ಟಿಸಿತು.

ಮರುದಿನ ಭಾನುವಾರ. ಬೆಳಕು ಹರಿಯುತ್ತಲೇ ಅಶ್ವಿನ್ ಬಂದು ಹನ್ನೆರಡನ್ನೂ ಇಟ್ಟು ಚಹಾ ಕುಡಿಯಲು ಹೋದ. ಪಾರ್ಕಿನಲ್ಲಿ ಮಾಸ್ತಪ್ಪನವರೊಬ್ಬರೇ. ಅವರು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಇಪ್ಪತ್ತೆರಡು ಮೆಟ್ಟಿಲೂ ಇಳಿದರು. ಲಾಂಚಿನ ಮೇಲೆ ಇಪ್ಪತ್ತೊಂಬತ್ತು ವರ್ಷ ಕಳೆದ ಆ ಮನುಷ್ಯ ನೀರಿಗೆ ಕಾಲಿಟ್ಟು ಎಷ್ಟೋ ಕಾಲವಾಗಿತ್ತು, ಈಜು ಬರುತ್ತಿರಲಿಲ್ಲ. ಕಲ್ಲಿನಿಂದ ಕಲ್ಲಿಗೆ ಕೈಯೂರಿ ತೆವಳುತ್ತ, ಪ್ರತಿ ಕಲ್ಲಿನ ಮೇಲೂ ನಿಂತು ಹೊಳೆಯ ಮೇಲುಗಡೆ ನೋಡುತ್ತ, ಬಂಡೆ ಮುಟ್ಟಿ, ಬಿರುಕಿಗೆ ಕೈ ಹಾಕಿ ನೀರುನಾಯಿಯನ್ನು ತೆಗೆದು ಕೋಟಿನ ಒಳಜೇಬಿಗೆ ಸೇರಿಸಿದರು. ಸಿಗುವಂಥದ್ದೇ ಇಲ್ಲದಿದ್ದರೆ ಜನ ಅಲ್ಲಿ ನಿಲ್ಲುವುದಿಲ್ಲ, ಹೋದವರು ಹೋದ ಹಾಗೆಯೇ ಬರುತ್ತಾರೆ ಎಂಬುದು ಅವರ ಲೆಕ್ಕ. ಸುಚಿತ್ರಾಳಿಗೆ ಹೇಳಬೇಕೆಂದುಕೊಂಡರು. ಅವಳು ಚೀಟಿಗಳ ಕಟ್ಟು ಹಿಡಿದು, ಹೊಸ ಸೀರೆ ಉಟ್ಟು, ನಗುತ್ತ ಬಂದಳು. ಹೇಳಲಾಗಲಿಲ್ಲ. ಆಮೇಲೆ ಹೇಳಿದರಾಯಿತು ಎಂದು ಜೇಬನ್ನು ಒತ್ತಿಕೊಂಡರು.

ಒಳಗೆ ಬಂದವರು ಅರವತ್ತನಾಲ್ಕು. ತೀರ್ಥಹಳ್ಳಿಯವರೇ ಹೆಚ್ಚು. ಹೊಸನಗರದಿಂದ ಮೊದಲ ಬಸ್ಸಿಗೇ ಹೊರಟು ಬಂದ ಇಬ್ಬರಿದ್ದರು: ಅಲ್ಲಿ ಟೈಲರಿಂಗ್ ಅಂಗಡಿ ನಡೆಸುವ ತನುಜಾ, ಮತ್ತು ಅವಳ ಅತ್ತೆ, ಅರವತ್ತು ದಾಟಿದ ಶೇಷಮ್ಮ. ಶೇಷಮ್ಮ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಚೀಟಿಯನ್ನು ಮೂರು ಸಲ ಗಟ್ಟಿಯಾಗಿ ಓದಿ, "ನಡಿ ತನು, ಇವತ್ತು ಬರಿಗೈಲಿ ಹೋಗೋದಿಲ್ಲ," ಎಂದು ಸೆರಗು ಸಿಕ್ಕಿಸಿದ್ದನ್ನು ಮಾಸ್ತಪ್ಪನವರು ಗೇಟಿನಲ್ಲಿ ಕಂಡಿದ್ದರು.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಬೊಂಬೆಗಳು ಸಿಕ್ಕಿದವು. ಒಂದೊಂದು ಸಿಕ್ಕಾಗಲೂ ಕೇಕೆ, ಫೋಟೋ. ಹನ್ನೆರಡನೆಯದಕ್ಕಾಗಿ ಕೆಲವರು ಬಂಡೆಗೆ ಹೋದರು. ಅವರು ಹೋಗುವಾಗ, ಬರುವಾಗ, ನಡುವೆ ನಿಂತಾಗ, ಮಾಸ್ತಪ್ಪನವರು ಸೀಟಿ ಊದಿದರು. ಬಿರುಕಿನಲ್ಲಿ ಏನೂ ಕಾಣದೆ, ಒಗಟಿನ ಅರ್ಥ ಬೇರೆಯೇ ಇರಬೇಕೆಂದು ಅವರೆಲ್ಲ ಮರಳಿದರು. ಮಾಸ್ತಪ್ಪನವರಿಗೆ ಸಮಾಧಾನವಾಯಿತು. ಲೆಕ್ಕ ಸರಿಯಿತ್ತು.

ಆಮೇಲೆ ಒಂದು ಗಂಟೆ ಹೊಳೆಗೆ ಬೆನ್ನಾಗಿ ಗೇಟಿನ ಬಳಿ ಮಜ್ಜಿಗೆ ಹಂಚುತ್ತಿದ್ದವರು ಮತ್ತೆ ಎಣಿಸಿದರು. ಹೊರಗೆ ಹೋದವರು ಒಂಬತ್ತು, ಒಳಗೆ ಐವತ್ತೈದು ಇರಬೇಕು. ಐವತ್ತಮೂರು. ಹಿಂದಿನಿಂದ ಮುಂದಕ್ಕೆ ಮತ್ತೆ ಎಣಿಸಿದರು. ಐವತ್ತಮೂರೇ. ಮೆಟ್ಟಿಲ ತಲೆಗೆ ಓಡಿ ಕೆಳಗೆ ನೋಡಿದರೆ, ಕೆಂಪು ಗೆರೆ ಇರಲಿಲ್ಲ.

ತಲೆಯ ಮೇಲೆ ಒಂದು ತುಂಡು ಮೋಡವಿಲ್ಲ. ಬಿಸಿಲು ಬಂಡೆಗಳ ಮೇಲೆ ಬಿಳಿಯಾಗಿ ಉರಿಯುತ್ತಿತ್ತು. ಆದರೆ ನೀರಿನ ಬಣ್ಣ ತಿರುಗಿತ್ತು. ಬೆಳಗಿನ ತಿಳಿ ಹೋಗಿ ಕೆಮ್ಮಣ್ಣು ಕದಡಿದಂತಾಗಿತ್ತು. ನೊರೆ ಬರುತ್ತಿತ್ತು, ನೊರೆಯ ಮೇಲೆ ಬಿದಿರಿನ ಒಣ ಎಲೆಗಳು, ಅವುಗಳ ಹಿಂದೆ ಬೇರುಸಹಿತ ಒಂದು ಬಾಳೆಯ ದಿಂಡು, ಯಾವ ಅವಸರವೂ ಇಲ್ಲದೆ. ಸದ್ದು ಕೂಡ ಬೇರೆಯಾಗಿತ್ತು. ಅಡಿಯಲ್ಲಿ ಕಲ್ಲಿಗೆ ಕಲ್ಲು ತಾಗುವ, ಯಾರೋ ದೂರದಲ್ಲಿ ಹಲ್ಲು ಕಡಿಯುತ್ತಿರುವಂತಹ ಸದ್ದು. ಆನೆಬಂಡೆಯ ಆಚೆ ಮಗ್ಗುಲಿನ ತಗ್ಗಿನಲ್ಲಿ, ದಡಕ್ಕೆ ಬೆನ್ನು ಮಾಡಿ, ಎರಡು ತಲೆಗಳು ಬಾಗಿದ್ದವು. ತನುಜಾ, ಶೇಷಮ್ಮ. ಒಂದೊಂದೇ ಬಿರುಕಿಗೆ ಕೈ ಹಾಕಿ ನೋಡುತ್ತಿದ್ದರು.

ಸೀಟಿ ಊದಿದರು. ಉಸಿರು ಮುಗಿಯುವವರೆಗೆ ಊದಿದರು. ಪಾರ್ಕಿನಲ್ಲಿ ಒಬ್ಬರೂ ತಿರುಗಲಿಲ್ಲ. ಯಾರೋ ಒಬ್ಬ ಅದೇ ಧಾಟಿಯಲ್ಲಿ ಶಿಳ್ಳೆ ಹಾಕಿ ಅಣಕಿಸಿದ.

"ಸುಚಿತ್ರಾ, ನೀರು ಬಂತು."

"ಅಪ್ಪಯ್ಯ, ಬೆಳಿಗ್ಗೆಯಿಂದ ಇದು ಎಷ್ಟನೇ ಸಲ? ಜನ ನಗ್ತಾ ಇದಾರೆ."

"ಇಬ್ರು ಕಮ್ಮಿ ಇದಾರೆ ಮಗಾ. ಬಂಡೆ ಹಿಂದೆ ಇದಾರೆ. ಇದನ್ನ ಹುಡುಕ್ತಾ ಇದಾರೆ." ಅವರ ಕೈ ಕೋಟಿನೊಳಗೆ ಹೋಗಿ ನೀರುನಾಯಿಯನ್ನು ಹಿಡಿದು ಹೊರಗೆ ಬಂತು.

ಸುಚಿತ್ರಾ ಬೊಂಬೆಯನ್ನು ನೋಡಿದಳು, ಅಪ್ಪನ ಮುಖ ನೋಡಿದಳು, ಆಮೇಲೆ ಹೊಳೆಯನ್ನು ನೋಡಿದಳು. ಅವಳ ಕೈಯಲ್ಲಿದ್ದ ಚೀಟಿಗಳು ಕೆಳಗೆ ಬಿದ್ದವು. ಆ ಒಂದು ಕ್ಷಣದಲ್ಲಿ ಮಾಸ್ತಪ್ಪನವರಿಗೆ ತಾವು ಮಾಡಿದ್ದು ಇಡಿಯಾಗಿ ಕಂಡಿತು: ಬೊಂಬೆ ಅದರ ಜಾಗದಲ್ಲಿದ್ದಿದ್ದರೆ ಆ ಇಬ್ಬರು ಹತ್ತು ನಿಮಿಷದಲ್ಲಿ ಅದನ್ನು ಎತ್ತಿಕೊಂಡು ಕೇಕೆ ಹಾಕುತ್ತ ದಡಕ್ಕೆ ಬಂದಿರುತ್ತಿದ್ದರು. ಅದು ಇಲ್ಲದ ಕಾರಣಕ್ಕೇ ಅವರು ಒಂದು ಗಂಟೆಯಿಂದ ಅಲ್ಲಿದ್ದಾರೆ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಅಶ್ವಿನ್ ಕೋಣೆಯಿಂದ ಹಗ್ಗ ತಂದ. ಮಾಸ್ತಪ್ಪನವರು ಅದರ ಒಂದು ತುದಿಯನ್ನು ನೇರಳೆ ಮರಕ್ಕೆ ಬಿಗಿದರು, ಇನ್ನೊಂದನ್ನು ತಮ್ಮ ಸೊಂಟಕ್ಕೆ ಸುತ್ತಿದರು. ಇಪ್ಪತ್ತೊಂಬತ್ತು ವರ್ಷದ ಗಂಟು ತಪ್ಪಲಿಲ್ಲ. "ನಾನು ಹೋಗ್ತೀನಿ, ನಂಗೆ ಈಜು ಬರತ್ತೆ," ಎಂದ ಅಶ್ವಿನ್. "ಈಜೋ ನೀರಲ್ಲ ಇದು. ನೀನು ಹಗ್ಗ ಬಿಡಬ್ಯಾಡ," ಎಂದು ಅವರು ಇಳಿದೇಬಿಟ್ಟರು. ಮೊದಲ ಕಲ್ಲು ಪಾದ ಮುಳುಗುವಷ್ಟು, ಎರಡನೆಯದು ಮೊಣಕಾಲಿನಷ್ಟು ನೀರಿನೊಳಗಿತ್ತು. ನೀರು ಕಾಲನ್ನು ತಳ್ಳುತ್ತಿರಲಿಲ್ಲ, ಬುಡದಿಂದ ಕೀಳುತ್ತಿತ್ತು. ನಡುವಿನ ಚಪ್ಪಟೆ ಕಲ್ಲು ಹತ್ತಿ, ಬೊಂಬೆಯನ್ನು ತಲೆಯ ಮೇಲೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಲಾಂಚಿನಿಂದ ದಡದವರಿಗೆ ಕೂಗುತ್ತಿದ್ದ ಆ ಹಳೆಯ ಗಂಟಲಿನಲ್ಲಿ ಕೂಗಿದರು:

"ಅಲ್ಲಿ ಎಂತದೂ ಇಲ್ಲಾ! ಇಲ್ಲಿದೆ! ನನ್ನತ್ರ ಇದೆ!"

ಶೇಷಮ್ಮ ಬಂಡೆಯ ಮೇಲೆ ತಲೆ ಎತ್ತಿದರು. ಬೊಂಬೆಯನ್ನು ಕಂಡರು. ಅವರಿಗೆ ಮೊದಲು ಬಂದದ್ದು ಸಿಟ್ಟು. "ನಿಮ್ಗೆ ಎಲ್ಲಿ ಸಿಕ್ತು ಅದು? ನಾವು ಇಲ್ಲಿ ಬಿಸ್ಲಲ್ಲಿ ಸಾಯ್ತಾ..." ಎಂದು ಸೊಂಟದ ಮೇಲೆ ಕೈಯಿಟ್ಟವರು, ಮಾತಿನ ನಡುವೆ ಕೆಳಗೆ ನೋಡಿದರು. ತಾವು ಕಾಲಿಟ್ಟು ಬಂದ ಕಲ್ಲುಗಳು ಇರಲಿಲ್ಲ.

ಮಾಸ್ತಪ್ಪನವರು ಬಂಡೆ ಮುಟ್ಟಿ, ಕೊರಕಲಿಗೆ ಕಾಲು ಕೊಟ್ಟು ನಿಂತರು. ತನುಜಾ ಹಗ್ಗ ಹಿಡಿದು ಮೊದಲು ದಾಟಿದಳು. ನಡುವೆ ಒಮ್ಮೆ ಜಾರಿ, ಭುಜದವರೆಗೆ ಮುಳುಗಿ, ಮತ್ತೆ ಎದ್ದು, ದಡದಲ್ಲಿ ಸಾಲಾಗಿ ಚಾಚಿದ್ದ ಕೈಗಳಿಗೆ ಸಿಕ್ಕಳು. ಶೇಷಮ್ಮ ಇಳಿಯಲೊಲ್ಲರು. ಬಂಡೆಗೆ ಬೆನ್ನು ಹಚ್ಚಿ ಕುಳಿತು, "ನಾ ಬರಲ್ಲ, ನಾ ಬರಲ್ಲ," ಎನ್ನುತ್ತಿದ್ದರು. ಇನ್ನೊಂದು ಬಾಳೆಯ ದಿಂಡು ಬಂದು ಬಂಡೆಗೆ ಬಡಿದು ಮಗುಚಿತು.

"ಅಮ್ಮಾ, ನನ್ನ ಕೈ ನೋಡಿ," ಎಂದರು ಮಾಸ್ತಪ್ಪನವರು. "ನಡುಗ್ತಾ ಇದೆ. ನಾ ನಿಮ್ಮನ್ನ ಹಿಡ್ಕಂಡ್ರೆ ಬಿಟ್ಟುಬಿಡ್ತೀನೋ ಏನೋ. ನೀವೇ ನನ್ನ ಹಿಡ್ಕಳಿ. ಗಟ್ಟಿಯಾಗಿ."

ಯಾಕೋ ಆ ಮಾತು ನಾಟಿತು. ಧೈರ್ಯ ಹೇಳಿದ್ದರೆ ಅವರು ಏಳುತ್ತಿರಲಿಲ್ಲವೇನೋ. ತಮಗಿಂತ ಹೆಚ್ಚು ಹೆದರಿದವನೊಬ್ಬ ಎದುರು ನಿಂತಿದ್ದಾನೆ ಎಂದಾಗ ಶೇಷಮ್ಮ ಎದ್ದು, ಖಾಕಿ ಕೋಟಿನ ಕಾಲರನ್ನು ಎರಡೂ ಮುಷ್ಟಿಯಲ್ಲಿ ಹಿಡಿದರು. ಹಗ್ಗಕ್ಕೆ ಎರಡು ಕೈ ಬೇಕಾಗಿತ್ತು. ಮಾಸ್ತಪ್ಪನವರು ನೀರುನಾಯಿಯನ್ನು ಬಿಟ್ಟುಬಿಟ್ಟರು. ಅದು ಒಂದು ಸುತ್ತು ತಿರುಗಿ, ಬಿಸಿಲಿನಲ್ಲಿ ಹೊಳೆದು, ಹೋಯಿತು. ಮೂವತ್ತು ಹೆಜ್ಜೆ. ಎದೆಮಟ್ಟದ ನೀರು, ಕಿವಿಯೊಳಗೆ ಅದೇ ಹಲ್ಲು ಕಡಿಯುವ ಸದ್ದು, ಕೊರಳಿಗೆ ಬಿಗಿದುಕೊಂಡ ಮುದುಕಿಯ ಉಸಿರು. ಚಪ್ಪಟೆ ಕಲ್ಲಿನ ಹತ್ತಿರ ಇಬ್ಬರ ಕಾಲೂ ಒಟ್ಟಿಗೆ ತಪ್ಪಿತು. ಮೇಲೆ ಹತ್ತಾರು ಜನ ಹಗ್ಗ ಎಳೆದರು. ಮೊಣಕೈ, ಮಂಡಿ ಕಲ್ಲಿಗೆ ಉಜ್ಜಿ ಸುಲಿದು, ಕೊನೆಗೆ ಮೆಟ್ಟಿಲ ಮೇಲೆ ಬಿದ್ದರು. ಮಾಸ್ತಪ್ಪನವರು ಬಿದ್ದಲ್ಲಿಂದಲೇ ತಲೆ ಎತ್ತಿ ಎಣಿಸತೊಡಗಿದರು. ಐವತ್ತೈದು. ಆಮೇಲೆ ವಾಂತಿ ಮಾಡಿಕೊಂಡರು. ಅರ್ಧ ಗಂಟೆಯಲ್ಲಿ ಆನೆಬಂಡೆಯ ಬೆನ್ನಷ್ಟೇ ಕಾಣುತ್ತಿತ್ತು.

ಊರು ಅವರನ್ನು ಹೊಗಳಿತು. ನಿಜವನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಬೊಂಬೆ ತೆಗೆದದ್ದು ತಾವೇ ಎಂದು ಸಮಿತಿಗೆ ಹೇಳಿದರು. ಆದರೆ ಜನ ಅದನ್ನೂ ಹೊಗಳಿಕೆಗೇ ಸೇರಿಸಿಕೊಂಡರು: "ನೋಡಿ, ಮೊದ್ಲೇ ಗೊತ್ತಿತ್ತು ಮಾರಾಯ್ರೆ ಈ ಮನುಷ್ಯಂಗೆ!" ಶಾಲು ಹೊದೆಸಿದರು. ಶಾಲು ಹೊದ್ದು ಕುಳಿತವರ ಮುಖ ಜ್ವರ ಬಂದವರಂತಿತ್ತು. ಮನೆಯಲ್ಲಿ ಮಗಳು ಮಾತಾಡುತ್ತಿದ್ದಳು, ಊಟಕ್ಕೆ ಬಡಿಸುತ್ತಿದ್ದಳು. ಕಣ್ಣು ಮಾತ್ರ ಕೊಡುತ್ತಿರಲಿಲ್ಲ. ಒಂದು ದಿನ ಅವರೇ ಯಾಕೆಂದು ಕೇಳಿದರು. ಅವಳು ಅನ್ನದ ಪಾತ್ರೆ ಹಿಡಿದು ನಿಂತೇ ಹೇಳಿದಳು: "ನಂಗೆ ಹೇಳ್ಬೋದಿತ್ತು ಅಪ್ಪಯ್ಯ. ನಾನು ಬೈತಿದ್ದೆ ಅಷ್ಟೇ ಅಲ್ವಾ?"

ಹದಿನೈದು ದಿನ ಬಿಟ್ಟು ಒಬ್ಬರೇ ಹೊಸನಗರದ ಬಸ್ಸು ಹತ್ತಿದರು. ಆ ದಿನ ಬಸ್ಸಿನಲ್ಲಿ ಅವರು ಯಾರ ತಲೆಯನ್ನೂ ಎಣಿಸಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಟೈಲರಿಂಗ್ ಅಂಗಡಿಯಲ್ಲಿ ಶೇಷಮ್ಮ ಗುಂಡಿ ಹೊಲಿಯುತ್ತಿದ್ದರು, ತನುಜಾ ಮಿಷಿನ್ ಮೇಲಿದ್ದಳು. ಸ್ಟೂಲಿನ ಮೇಲೆ ಕುಳಿತು ಮಾಸ್ತಪ್ಪನವರು ಎಲ್ಲವನ್ನೂ ಹೇಳಿದರು. ಬೆಳಿಗ್ಗೆ ಇಳಿದದ್ದು, ಜೇಬಿಗೆ ಹಾಕಿದ್ದು, ಹೇಳದೆ ಉಳಿದದ್ದು.

"ನಾ ತೆಗೀದಿದ್ರೆ ನೀವು ಆಗ್ಲೇ ಬಂದಿರ್ತಿದ್ರಿ ಅಮ್ಮ. ನನ್ನಿಂದ ಆಗಿದ್ದು ಅದು."

ತನುಜಾಳ ಮಿಷಿನ್ ನಿಂತಿತು. ಶೇಷಮ್ಮ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ, ಅಂಗಿಯನ್ನು ಮಡಿಚಿ ಪಕ್ಕಕ್ಕಿಟ್ಟರು.

"ನಂಗೀಗ ನಲ್ಲಿ ಬಿಟ್ಟ ಸದ್ದಾದ್ರೂ ಎದೆ ಹೊಡ್ಕಳತ್ತೆ," ಎಂದರು. "ಇವ್ಳು ಸ್ನಾನಕ್ಕೆ ಹೋದ್ರೆ ಬಾಗ್ಲು ತಟ್ತೀನಿ, ಇದಾಳಾ ಇಲ್ವಾ ಅಂತ. ನಾನು ಹಿಂಗಿರ್ಲಿಲ್ಲ. ನಿಮ್ ಹೆದ್ರಿಕೆ ಪೂರಾ ಈಗ ನಂಗೆ ಬಂದು ಕೂತಿದೆ."

ಮಾಸ್ತಪ್ಪನವರು ತಲೆ ತಗ್ಗಿಸಿದರು.

"ಹೆದ್ರಿದ್ದು ತಪ್ಪು ಅನ್ನಲ್ಲ ನಾನು. ಹೆದ್ರಿ ಬಾಯ್ ಮುಚ್ಕಂಡ್ರಲ್ಲ, ಅದು." ಆಮೇಲೆ ಸೊಸೆಯ ಕಡೆ ತಿರುಗಿ, "ತನು, ಕಾಫಿ ಇಡು," ಎಂದರು. ಮೂವರೂ ಕಾಫಿ ಕುಡಿದರು. ಕ್ಷಮಿಸಿದೆ ಎಂದು ಶೇಷಮ್ಮ ಹೇಳಲಿಲ್ಲ. ಹೇಳಲಿ ಎಂದು ಮಾಸ್ತಪ್ಪನವರು ಕಾಯಲೂ ಇಲ್ಲ. ಬಸ್ಸಿನ ಹೊತ್ತಾದಾಗ ಮಾತ್ರ ಶೇಷಮ್ಮ ಬಾಗಿಲವರೆಗೆ ಬಂದು, "ಮುಟ್ಟಿದ ಮೇಲೆ ಒಂದು ಫೋನ್ ಮಾಡಿ," ಎಂದರು.

ಮಳೆಗಾಲ ಕಳೆದು ನವೆಂಬರಿನಲ್ಲಿ ಹುಡುಕಾಟ ಮತ್ತೆ ನಡೆಯಿತು. ಈ ಸಲ ಅಶ್ವಿನ್ ಜಾಗಗಳ ಪಟ್ಟಿ ಹಿಡಿದು ಕಾವಲು ಕೋಣೆಗೆ ಬಂದ, ಸುಚಿತ್ರಾಳೂ ಬಂದಳು. ಮಾಸ್ತಪ್ಪನವರು ಒಂದೊಂದು ಜಾಗಕ್ಕೂ ತಮ್ಮ ಭಯವನ್ನು ಹೇಳುತ್ತ ಹೋದರು: ಇಲ್ಲಿ ಜಾರತ್ತೆ, ಇಲ್ಲಿ ಹಾವಿನ ಹುತ್ತ ಇದೆ, ಈ ಕೊಂಬೆ ಒಣಗಿದೆ. ಹೇಳಿ ಮುಗಿಸಲು ಎರಡು ತಾಸು ಬೇಕಾಯಿತು. ಹನ್ನೆರಡರಲ್ಲಿ ಮೂರನ್ನು ಸುಚಿತ್ರಾ, ಅಶ್ವಿನ್ ಬದಲಾಯಿಸಿದರು; ಒಂಬತ್ತಕ್ಕೆ, "ಇಲ್ಲ ಅಪ್ಪಯ್ಯ, ಇದು ಇರ್ಲಿ," ಎಂದಳು ಮಗಳು, ಅಪ್ಪನ ಕಣ್ಣನ್ನೇ ನೋಡುತ್ತ. ಆ ಒಂಬತ್ತರ ಭಯ ಅವರಿಗೆ ಹೋಗಲಿಲ್ಲ. ಆದರೆ ಅಂದು ಇಡೀ ದಿನ ಅವರ ಜೇಬು ಖಾಲಿಯಾಗಿತ್ತು.

ಇಂಥವರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರಿರುತ್ತಾರೆ. ಲೋಕವೆಲ್ಲ ನಿಶ್ಚಿಂತೆಯಿಂದ ಕೂಡಿ ಆಡುವಾಗ, ಎಲ್ಲರ ಪಾಲಿನ ಅಂಜಿಕೆಯನ್ನು ತಾವೊಬ್ಬರೇ ಹೊತ್ತು ಬದಿಗೆ ನಿಂತಿರುತ್ತಾರೆ. ನಾವು ಅವರಿಗೆ ಅಡ್ಡಹೆಸರು ಇಟ್ಟು, ನಕ್ಕು, ಮುಂದೆ ಹೋಗುತ್ತೇವೆ. ಅವರು ಹತ್ತು ಸಲ ಕೂಗಿ ಒಂಬತ್ತು ಸಲ ಏನೂ ಆಗದಿದ್ದರೆ ಅವರನ್ನು ಮರುಳರೆಂದು ಎಣಿಸುವುದು ಸುಲಭ. ನಮ್ಮ ನಗೆಗೆ ನಾಚಿ ಅವರು ಬಾಯಿ ಮುಚ್ಚಿಕೊಂಡ ಮೇಲೆ, ಆ ಭಯ ಒಳಗೆ ಸುಮ್ಮನೆ ಕೂರುವುದಿಲ್ಲ. ಕಳ್ಳನಂತೆ ಹೊರಬಿದ್ದು, ಕಾಯಬೇಕೆಂದವರನ್ನೇ ಅಪಾಯಕ್ಕೆ ದೂಡುವ ಏನನ್ನಾದರೂ ಮಾಡಿ ಬರುತ್ತದೆ. ಆಗ ತಪ್ಪು ಅವರದು, ನಿಜ. ಪೂರ್ತಿ ಅವರದೇ ಎನ್ನಲು ನಾಲಿಗೆ ಏಳುವುದಿಲ್ಲ. ಹೆದರಿದವನಿಗೆ ಧೈರ್ಯ 'ಹೇಳಲು' ಒಂದು ಮಾತು ಸಾಕು. ಅವನು ತನ್ನ ಹೆದರಿಕೆಯನ್ನು ಹೇಳಿ ಮುಗಿಸುವವರೆಗೆ ಎದುರು ಕುಳಿತಿರಲು ಮಾತ್ರ ಎರಡು ತಾಸು ಬೇಕಾಗುತ್ತದೆ. ಅಷ್ಟು ಹೊತ್ತು ಕೂರುವವರು ನಮ್ಮಲ್ಲಿ ಕಡಿಮೆ.